ಎಚ್‌ಡಿ ಟಿ.ವಿ. ಪ್ರಸಾರದ ರೆಕಾರ್ಡಿಂಗ್ ಮತ್ತು ‘ಚಲನೆ’ ಪಾಠ: ಅಭ್ಯಾಸ ಬೋಧನೆಗೊಂದು ಮಾದರಿ

ಅಭ್ಯಾಸ ಬೋಧನೆಗೆಂದು ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠ ಯೋಜನೆಗಳಲ್ಲಿ ‘ಬೋಧನೋಪಕರಣ’ ಎಂಬ ಕಾಲಮಿನ ಎದುರು ಈಗ ಹೆಚ್ಚಾಗಿ ಕಾಣುವ ಪದ ‘ವಿಡಿಯೊ’. ಯಾವ ವಿಡಿಯೊ, ಎಷ್ಟು ನಿಮಿಷ, ಅದರಲ್ಲಿ ಮಗು ಏನನ್ನು ಗಮನಿಸಬೇಕು ಎಂಬ ವಿವರ ಬಹುಪಾಲು ಇರುವುದಿಲ್ಲ. ತರಗತಿಯಲ್ಲಿ ಆಗುವುದೂ ಅದಕ್ಕೆ ತಕ್ಕಂತೆಯೇ. ಹತ್ತು ಹನ್ನೆರಡು ನಿಮಿಷ ಪರದೆಯ ಮೇಲೆ ಏನೋ ಓಡುತ್ತದೆ. ಮಕ್ಕಳು ಕೈಕಟ್ಟಿ ಕೂತು ನೋಡುತ್ತಾರೆ. ‘ಅರ್ಥವಾಯಿತೇ?’ ಎಂದರೆ ‘ಆಯ್ತು ಮಿಸ್’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿಬಿಡುತ್ತದೆ.

ಟಿ.ವಿ.ಯಲ್ಲಿ ಬರುವ ಎಚ್‌ಡಿ ಕಾರ್ಯಕ್ರಮವನ್ನು ಕಂಪ್ಯೂಟರಿಗೆ ಜೋಡಿಸಿದ ಕ್ಯಾಪ್ಚರ್ ಸಾಧನದಿಂದ ಹೇಗೆ ದಾಖಲಿಸಿಕೊಳ್ಳಬೇಕು, ದಾಖಲಿಸಿದ್ದನ್ನು ಪಾಠವಾಗಿ ಹೇಗೆ ಒಗ್ಗಿಸಬೇಕು ಎಂಬ ಎರಡು ವಿಷಯಗಳು ಈ ಲೇಖನದಲ್ಲಿವೆ. ಎರಡನೆಯದನ್ನು ಮೊದಲೇ ಯೋಚಿಸದವರಿಗೆ ಮೊದಲನೆಯದರಿಂದ ಹಾರ್ಡ್ ಡಿಸ್ಕ್ ತುಂಬುವುದಲ್ಲದೆ ಬೇರೆ ಲಾಭವಿಲ್ಲ.

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗವನ್ನು ಶೈಕ್ಷಣಿಕ ತಂತ್ರಜ್ಞಾನದ ಪತ್ರಿಕೆಯಲ್ಲಿ ನಾವೆಲ್ಲ ಓದಿದ್ದೇವೆ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಶಾಲಾ ಮಕ್ಕಳ ಕಾರ್ಯಕ್ರಮ ಬೆಳಗಿನ ಹೊತ್ತು ಬರುತ್ತಿತ್ತು. ಆ ಕಾಲದ ಶಿಕ್ಷಕರಿಗೆ ಒಂದು ಸೌಕರ್ಯ ಮಾತ್ರ ಇರಲಿಲ್ಲ: ಚಿತ್ರವನ್ನು ತಡೆದು ನಿಲ್ಲಿಸುವುದು. ಉಪಗ್ರಹ ಕಳಿಸಿದ್ದನ್ನು ಕಳಿಸಿದ ವೇಗದಲ್ಲಿಯೇ ನೋಡಬೇಕು. ಹಿಂದಿನ ಬೆಂಚಿನ ಹುಡುಗ ‘ಅದೇನು?’ ಎಂದು ಕೇಳುವಷ್ಟರಲ್ಲಿ ದೃಶ್ಯ ದಾಟಿಹೋಗಿರುತ್ತಿತ್ತು. ರೆಕಾರ್ಡಿಂಗ್‌ನಿಂದ ಶಿಕ್ಷಕರ ಕೈಗೆ ಬರುವ ನಿಜವಾದ ಶಕ್ತಿ ಈ ನಿಲ್ಲಿಸುವ ಗುಂಡಿ. ಅದನ್ನು ಒತ್ತದೆ ಹತ್ತು ನಿಮಿಷ ಓಡಿಸುವುದಾದರೆ ನಾವು ಇನ್ನೂ 1975ರಲ್ಲಿಯೇ ಇದ್ದೇವೆ.

ಯಾವುದಕ್ಕೆ ಎಚ್‌ಡಿ ಬೇಕು?

ಎಲ್ಲದಕ್ಕೂ ಬೇಡ. ಮೈಸೂರು ದಸರೆಯ ಜಂಬೂ ಸವಾರಿಯನ್ನು ಪ್ರಬಂಧ ಲೇಖನದ ಪೀಠಿಕೆಗೆ ತೋರಿಸಲು ಸಾಮಾನ್ಯ ಗುಣಮಟ್ಟದ ಚಿತ್ರ ಧಾರಾಳ ಸಾಕು. ಸಂಸದ್ ಟಿ.ವಿ.ಯ ಪ್ರಶ್ನೋತ್ತರ ವೇಳೆಯಲ್ಲಿ ಕೇಳಬೇಕಾದದ್ದು ಮಾತು, ಹೀಗಾಗಿ ಅಲ್ಲಿಯೂ ಎಚ್‌ಡಿ ಅನಿವಾರ್ಯವಲ್ಲ. ಪರದೆಯ ಮೇಲಿರುವ ಏನನ್ನಾದರೂ ಮಕ್ಕಳು ತಾವೇ ಓದಬೇಕಾದಾಗ, ಅಂದರೆ ಅಂಕಿ, ನಕ್ಷೆಯ ಗೆರೆ, ಮಾಪಕದ ಮುಳ್ಳು, ಭೂಪಟದಲ್ಲಿನ ಹೆಸರು ಇಂಥವು ಪಾಠದ ಸಾಮಗ್ರಿಯಾದಾಗ, ಎಚ್‌ಡಿ ಬೇಕು.

ಕಾರಣ ಲೆಕ್ಕದಲ್ಲೇ ಇದೆ. ನಮ್ಮಲ್ಲಿನ ಸಾಮಾನ್ಯ ಟಿ.ವಿ. ಚಿತ್ರದಲ್ಲಿ 720×576, ಅಂದರೆ 4,14,720 ಪಿಕ್ಸೆಲ್‌ಗಳು. ಪೂರ್ಣ ಎಚ್‌ಡಿಯಲ್ಲಿ 1920×1080, ಅಂದರೆ 20,73,600. ಸರಿಯಾಗಿ ಐದು ಪಟ್ಟು. ಎಚ್‌ಡಿಯಲ್ಲಿ 20 ಪಿಕ್ಸೆಲ್ ಎತ್ತರವಿರುವ ಅಂಕಿ ಸಾಮಾನ್ಯ ಚಿತ್ರದಲ್ಲಿ 11ಕ್ಕಿಂತ ಕಡಿಮೆ ಪಿಕ್ಸೆಲ್‌ಗೆ ಕುಗ್ಗುತ್ತದೆ. ಅದರ ಮೇಲೆ ಪ್ರಸಾರಕ್ಕೆಂದು ಮಾಡುವ ಸಂಕುಚನದ ಮಸುಕೂ ಸೇರುತ್ತದೆ. 3, 6, 8 ಮೂರೂ ಒಂದೇ ತರಹ ಕಾಣತೊಡಗಿದರೆ ಮಕ್ಕಳು ಓದುವ ಬದಲು ಊಹಿಸುತ್ತಾರೆ, ಇಲ್ಲವೇ ಶಿಕ್ಷಕರ ಬಾಯನ್ನು ನೋಡುತ್ತಾರೆ.

ಸೆಟ್‌ಟಾಪ್ ಬಾಕ್ಸ್ ಎಚ್‌ಡಿಯದಾದ ಮಾತ್ರಕ್ಕೆ ಬರುವ ವಾಹಿನಿಯೂ ಎಚ್‌ಡಿ ಆಗುವುದಿಲ್ಲ. ಸಾಮಾನ್ಯ ವಾಹಿನಿಯ ಚಿತ್ರವನ್ನು ಬಾಕ್ಸ್ ಹಿಗ್ಗಿಸಿ 1080 ಗೆರೆಗಳಲ್ಲಿ ಹೊರಗೆ ಕಳಿಸುತ್ತದೆ, ಅಷ್ಟೆ. ಮಸುಕಾದ ಜೆರಾಕ್ಸ್ ಪ್ರತಿಯನ್ನು ದೊಡ್ಡದು ಮಾಡಿದರೆ ಮಸುಕೂ ದೊಡ್ಡದಾಗುತ್ತದೆ.

ಮತ್ತೊಂದು ಮಾತು. ಕಾರ್ಯಕ್ರಮ ಸಿದ್ಧಪಡಿಸಿದವರೇ ಅದನ್ನು ಮುಕ್ತವಾಗಿ ಒದಗಿಸಿದ್ದರೆ ರೆಕಾರ್ಡಿಂಗ್‌ನ ಶ್ರಮ ವ್ಯರ್ಥ. ಪಿಎಂ ಇ-ವಿದ್ಯಾ ವಾಹಿನಿಗಳ ಪಾಠವನ್ನು ಹಿಡಿಯಲು ಹೊರಡುವ ಮುನ್ನ ದೀಕ್ಷಾದಲ್ಲಿ ಹುಡುಕಿ ನೋಡಬೇಕು. ನೇರ ಪ್ರಸಾರ, ಮರುದಿನವೇ ತರಗತಿಯಲ್ಲಿ ಬೇಕಾದ ಘಟನೆ, ಅಂತರ್ಜಾಲ ಕೈಕೊಡುವ ಶಾಲೆ ಇಂಥ ಸಂದರ್ಭಗಳಿಗೆ ಕ್ಯಾಪ್ಚರ್ ಸಾಧನ ಸೂಕ್ತ. ಸಂಪರ್ಕ ದುರ್ಬಲವಾದಾಗ ಯೂಟ್ಯೂಬ್ ತಾನೇ ಚಿತ್ರದ ಗುಣಮಟ್ಟವನ್ನು ಇಳಿಸಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು. ಆಗ ಮೊದಲು ಹಾಳಾಗುವುದು ಆ ಸಣ್ಣ ಅಂಕಿಗಳೇ.

ಜೋಡಣೆ ಮತ್ತು ಅದರಲ್ಲಿನ ತೊಡಕುಗಳು

ಜೋಡಣೆ ಸರಳ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕಿಂಡಿಯಿಂದ ಒಂದು ಕೇಬಲ್ ಕ್ಯಾಪ್ಚರ್ ಸಾಧನಕ್ಕೆ, ಸಾಧನದಿಂದ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ. ಕೆಲವು ಸಾಧನಗಳಲ್ಲಿ ಟಿ.ವಿ.ಗೆ ಹೋಗುವ ಇನ್ನೊಂದು ಎಚ್‌ಡಿಎಂಐ ಕಿಂಡಿಯೂ ಇರುತ್ತದೆ. ಇದ್ದರೆ ಒಳ್ಳೆಯದು, ರೆಕಾರ್ಡ್ ಆಗುತ್ತಿರುವಾಗಲೇ ಟಿ.ವಿ.ಯಲ್ಲಿ ನೋಡಬಹುದು. ತಂತ್ರಾಂಶಕ್ಕೆ ಹಣ ಖರ್ಚು ಮಾಡಬೇಕಿಲ್ಲ. ಒಬಿಎಸ್ ಸ್ಟುಡಿಯೊ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಕೆಲಸ ಮಾಡುತ್ತದೆ.

ಮೊದಲ ಸಲ ಜೋಡಿಸಿದವರಿಗೆ ಹೆಚ್ಚಾಗಿ ಕಾಣುವುದು ಕಪ್ಪು ಪರದೆ. ಸಾಧನ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಕಿಲ್ಲ. ಬಾಕ್ಸು ಎಚ್‌ಡಿಸಿಪಿ ಎಂಬ ನಕಲು-ತಡೆ ವ್ಯವಸ್ಥೆಯೊಂದಿಗೆ ಚಿತ್ರವನ್ನು ಕಳಿಸುತ್ತಿರುತ್ತದೆ. ಟಿ.ವಿ.ಗೆ ಅದನ್ನು ಬಿಡಿಸಿಕೊಳ್ಳುವ ಅನುಮತಿಯಿದೆ, ಕ್ಯಾಪ್ಚರ್ ಸಾಧನಕ್ಕಿಲ್ಲ. ಈ ತಡೆಯನ್ನು ಮುರಿಯುವ ಉಪಾಯಗಳನ್ನು ಹೇಳುವವರು ಸಿಗುತ್ತಾರೆ. ಕಾಲೇಜಿನಲ್ಲಿ ಅದನ್ನು ಮಾಡಬಾರದು. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು ಇಂಥ ತಡೆಗಳಿಗೆ ಸಂಬಂಧಿಸಿದ್ದು. ಹಳೆಯ ಕೆಲವು ಎಚ್‌ಡಿ ಬಾಕ್ಸ್‌ಗಳಲ್ಲಿ ಹಸಿರು-ನೀಲಿ-ಕೆಂಪು ಬಣ್ಣದ ಮೂರು ತೂತುಗಳಿರುತ್ತವೆ. ಅದು ಕಾಂಪೊನೆಂಟ್ ಎಂಬ ಅನಲಾಗ್ ಮಾರ್ಗ. 2008ರಲ್ಲಿ ಬಂದ ಹಾಪಾಗ್ ಎಚ್‌ಡಿ ಪಿವಿಆರ್‌ನಂಥ ಸಾಧನಗಳು ಈ ಮಾರ್ಗದಿಂದಲೇ ಎಚ್‌ಡಿ ಚಿತ್ರವನ್ನು ಪಡೆಯುತ್ತಿದ್ದವು. ಹಳದಿ-ಬಿಳಿ-ಕೆಂಪಿನ ಎವಿ ತೂತುಗಳಿಂದ ಬರುವುದು ಸಾಮಾನ್ಯ ಚಿತ್ರ ಮಾತ್ರ. ಪೆನ್‌ಡ್ರೈವ್ ಚುಚ್ಚಿದರೆ ನೇರವಾಗಿ ರೆಕಾರ್ಡ್ ಮಾಡುವ ಬಾಕ್ಸ್‌ಗಳೂ ಇವೆ. ಡಿಡಿ ಫ್ರೀ ಡಿಶ್‌ಗೆ ಬಳಸುವ ಅನೇಕ ಬಾಕ್ಸ್‌ಗಳಲ್ಲಿ ಈ ಸೌಲಭ್ಯವಿದೆ. ಅದು ಇದ್ದಲ್ಲಿ ಕ್ಯಾಪ್ಚರ್ ಸಾಧನದ ತಂಟೆಯೇ ಬೇಡ. ಪ್ರಸಾರವಾದ ಚಿತ್ರ ಮತ್ತೆ ಸಂಕುಚನಗೊಳ್ಳದೆ ಇದ್ದಂತೆಯೇ ಉಳಿಯುತ್ತದೆ. ಖಾಸಗಿ ಡಿಟಿಎಚ್ ಬಾಕ್ಸ್‌ಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ, ಶಾಲೆಗೆ ಒಯ್ಯಲಾಗದು.

ಸಾಧನವನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ‘1080’ ಎಂಬ ಅಂಕಿಯನ್ನು ಮಾತ್ರ ನಂಬಬೇಡಿ. ಸಂಕುಚಿಸದ ಎಚ್‌ಡಿ ಚಿತ್ರಕ್ಕೆ ಪಿಕ್ಸೆಲ್ಲಿಗೆ 2 ಬೈಟ್, ಸೆಕೆಂಡಿಗೆ 25 ಚೌಕಟ್ಟು ಎಂದಿಟ್ಟುಕೊಂಡರೆ 20,73,600×2×25, ಸೆಕೆಂಡಿಗೆ ಸುಮಾರು 104 ಮೆಗಾಬೈಟ್. ಯುಎಸ್‌ಬಿ 2.0ರ ಗರಿಷ್ಠ ವೇಗ ಕಾಗದದ ಮೇಲೆಯೇ ಸೆಕೆಂಡಿಗೆ 60 ಮೆಗಾಬೈಟ್. ಆದ್ದರಿಂದ ಅಗ್ಗದ ಸಾಧನಗಳು ಪ್ರತಿಯೊಂದು ಚೌಕಟ್ಟನ್ನೂ ಒತ್ತಿ ಚಿಕ್ಕದು ಮಾಡಿ ಕಳಿಸುತ್ತವೆ, ಅಂಕಿಗಳ ಅಂಚಿನಲ್ಲಿ ಕೊಳೆ ಹತ್ತಿದಂತೆ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಒಳಗೆ ನೀಲಿ ನಾಲಗೆ ಇರುವ ಯುಎಸ್‌ಬಿ 3.0 ಕಿಂಡಿ ಇದ್ದರೆ, ಅದಕ್ಕೆ ಹೊಂದುವ ಸಾಧನವನ್ನೇ ಆರಿಸಿ.

ಒಬಿಎಸ್‌ನಲ್ಲಿ ಬದಲಿಸಬೇಕಾದದ್ದು ಸ್ವಲ್ಪವೇ. ಗಾತ್ರ 1920×1080. ಸೆಕೆಂಡಿಗೆ 25 ಚೌಕಟ್ಟು. ನಮ್ಮ ದೇಶದ ಪ್ರಸಾರ 25 ಮತ್ತು 50ರ ಲೆಕ್ಕದಲ್ಲಿ ನಡೆಯುವುದರಿಂದ 30 ಇಟ್ಟರೆ ಚಲನೆ ಜರ್ಕು ಹೊಡೆಯುತ್ತದೆ. ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಂಡರೆ ಡಿಇಂಟರ್‌ಲೇಸ್ ಆಯ್ಕೆಯನ್ನು ಒತ್ತಬೇಕು. ಬಿಟ್ ದರ ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ ಲೆಕ್ಕವೂ ಸುಲಭ: ಸೆಕೆಂಡಿಗೆ 1 ಮೆಗಾಬೈಟ್, ಗಂಟೆಗೆ 3.6 ಗಿಗಾಬೈಟ್. ಕಡತವನ್ನು ಎಂಪಿ4ಗೆ ಬದಲು ಎಂಕೆವಿ ರೂಪದಲ್ಲಿ ಉಳಿಸಿ. ಎಂಪಿ4 ಕಡತದ ಸೂಚಿ ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯಲ್ಪಡುವುದರಿಂದ ನಡುವೆ ಯಂತ್ರ ಆಫ್ ಆದರೆ ಇಡೀ ಕಡತ ತೆರೆಯದೆ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲಿಯೇ ಎಂಪಿ4ಗೆ ಬದಲಿಸಿಕೊಳ್ಳಬಹುದು.

ಕರೆಂಟಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಲೈಟು ಹೋದರೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ಆದರೆ ಸೆಟ್‌ಟಾಪ್ ಬಾಕ್ಸ್ ಆಫ್ ಆಗುತ್ತದೆ. ಲ್ಯಾಪ್‌ಟಾಪ್ ನಿಷ್ಠೆಯಿಂದ ಕಪ್ಪು ಪರದೆಯನ್ನೇ ರೆಕಾರ್ಡ್ ಮಾಡುತ್ತಿರುತ್ತದೆ. ಕಾಲೇಜಿನ ಯುಪಿಎಸ್‌ಗೆ ಜೋಡಿಸಬೇಕಾದದ್ದು ಬಾಕ್ಸನ್ನು. ಜೋರು ಮಳೆಯಲ್ಲಿ ಡಿಶ್ ಸಂಕೇತ ದುರ್ಬಲವಾಗುವುದಂತೂ ಮಳೆಗಾಲದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಲ್ಯಾಪ್‌ಟಾಪಿನ ನಿದ್ರಾ ವ್ಯವಸ್ಥೆಯನ್ನು ನಿಲ್ಲಿಸಿ, ಹಿಂದಿನ ದಿನ ಅದೇ ವಾಹಿನಿಯಿಂದ ಐದು ನಿಮಿಷ ಪರೀಕ್ಷಾ ರೆಕಾರ್ಡಿಂಗ್ ಮಾಡಿ, ಧ್ವನಿ ಬಂದಿದೆಯೇ ಎಂದು ಕೇಳಿ ನೋಡಿ.

ಮಾದರಿ ಪಾಠ: ವಿಕ್ರಮ್ ಇಳಿದ ಆ ಹನ್ನೊಂದೂವರೆ ನಿಮಿಷ

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದು ಸಂಜೆ 6.04ಕ್ಕೆ. ಬೆಂಗಳೂರಿನ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ ಅದಕ್ಕೆ ಮೊದಲೇ ನೇರ ಪ್ರಸಾರ ಆರಂಭವಾಯಿತು. ದೂರದರ್ಶನದ ಜೊತೆಗೆ ಸುದ್ದಿ ವಾಹಿನಿಗಳೂ ಅದನ್ನು ತೋರಿಸಿದವು. ಈಗ ಅದು ಇಸ್ರೊದ ಯೂಟ್ಯೂಬ್ ಪುಟದಲ್ಲಿಯೇ ಸಿಗುತ್ತದೆ, ಓದುಗರು ತೆರೆದು ಈ ಪಾಠವನ್ನು ಹೋಲಿಸಿ ನೋಡಬಹುದು. ಈ ಉದಾಹರಣೆಯನ್ನೇ ಆರಿಸಿದ್ದು ಅದಕ್ಕಾಗಿ.

ಈ ಪ್ರಸಾರದಲ್ಲಿ ವಿಜ್ಞಾನ ಶಿಕ್ಷಕರಿಗೆ ಬೇಕಾದದ್ದು ಯಾವುದು? ಚಪ್ಪಾಳೆಯ ಆ ಕೊನೆಯ ನಿಮಿಷವನ್ನು ಎಲ್ಲರೂ ಹತ್ತಾರು ಸಲ ನೋಡಿದ್ದಾರೆ. 9ನೇ ತರಗತಿಯ ‘ಚಲನೆ’ ಘಟಕಕ್ಕೆ ಬೇಕಾದದ್ದು 5.45ರ ಸುಮಾರಿಗೆ ಶುರುವಾದ ಮೊದಲ ಹಂತ. ಅದರ ಅವಧಿ 690 ಸೆಕೆಂಡು, ಅಂದರೆ ಹನ್ನೊಂದೂವರೆ ನಿಮಿಷ. ಲ್ಯಾಂಡರಿನ ಎತ್ತರ 30 ಕಿ.ಮೀ.ಯಿಂದ ಸುಮಾರು 7.4 ಕಿ.ಮೀ.ಗೆ ಇಳಿಯುತ್ತದೆ, ವೇಗ ಸೆಕೆಂಡಿಗೆ 1.68 ಕಿ.ಮೀ.ಯಿಂದ 358 ಮೀಟರಿಗೆ ಕುಗ್ಗುತ್ತದೆ. ಸಮತಲ ವೇಗ, ಲಂಬ ವೇಗ, ಎತ್ತರ ಇವು ನಿಯಂತ್ರಣ ಕೊಠಡಿಯ ಪರದೆಯಲ್ಲಿ ಅಂಕಿಗಳಾಗಿ ಓಡುತ್ತಿರುತ್ತವೆ. ಇಷ್ಟೊಂದು ನೈಜ ದತ್ತಾಂಶ ಕಣ್ಣೆದುರು ಇರುವಾಗ ಕಾಲ್ಪನಿಕ ಬಸ್ಸು ಕಾರುಗಳ ಲೆಕ್ಕಕ್ಕೇ ಅಂಟಿಕೊಳ್ಳಬೇಕೆ?

ಈ ಭಾಗದಿಂದ ಅಂಕಿ ಕಾಣುವ ಏಳು ಕ್ಷಣಗಳನ್ನು ಪ್ರಶಿಕ್ಷಣಾರ್ಥಿ ಹುಡುಕಿ, ನಿಲ್ಲಿಸಿ, ಸ್ಥಿರಚಿತ್ರವಾಗಿ ಉಳಿಸಿಕೊಳ್ಳಬೇಕು. ಕರಾರುವಾಕ್ಕಾಗಿ ಎರಡು ನಿಮಿಷಕ್ಕೊಂದು ಸಿಗುವುದಿಲ್ಲ. ನಡುನಡುವೆ ಕ್ಯಾಮೆರಾ ವಿಜ್ಞಾನಿಗಳ ಮುಖದತ್ತ ತಿರುಗಿರುತ್ತದೆ. ಸಿಕ್ಕ ಕ್ಷಣದಲ್ಲಿ ರೆಕಾರ್ಡಿಂಗ್‌ನ ಗಡಿಯಾರ ಎಷ್ಟು ತೋರುತ್ತಿದೆ ಎಂದು ಬರೆದುಕೊಂಡು, ಹಂತ ಶುರುವಾದ ಹೊತ್ತನ್ನು ಕಳೆದರೆ ಕಾಲ ಸಿಗುತ್ತದೆ. ಅಂತರಗಳು ಅಸಮವಾಗಿರುವುದು ಒಂದು ರೀತಿಯಲ್ಲಿ ಅನುಕೂಲವೇ. ನಕ್ಷೆಯ ಹಾಳೆಯಲ್ಲಿ ಬಿಂದುಗಳನ್ನು ಕಣ್ಣಳತೆಯಲ್ಲಿ ಸಮ ದೂರಕ್ಕೆ ಇಟ್ಟುಬಿಡುವ ಮಕ್ಕಳ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ನಮ್ಮ ಒಬ್ಬ ಪ್ರಶಿಕ್ಷಣಾರ್ಥಿ ಈ ಪಾಠ ಮಾಡಿದ ಪ್ರೌಢಶಾಲೆಯಲ್ಲಿ ಪ್ರೊಜೆಕ್ಟರ್ ಇರಲಿಲ್ಲ. ಏಳು ಚಿತ್ರಗಳನ್ನು ಅವರು ಕಾಗದದ ಮೇಲೆ ಮುದ್ರಿಸಿ ಒಯ್ದರು. ಏಳು ಗುಂಪು, ಗುಂಪಿಗೊಂದು ಹಾಳೆ. ಪ್ರತಿ ಗುಂಪಿನಿಂದ ಒಬ್ಬರು ಬಂದು ಕಪ್ಪುಹಲಗೆಯ ಕೋಷ್ಟಕದಲ್ಲಿ ತಮ್ಮ ಅಂಕಿಯನ್ನು ತುಂಬಿದರು. ಎಚ್‌ಡಿಯಲ್ಲಿ ಹಿಡಿದಿದ್ದರಿಂದ ಹಾಳೆಯ ಮೇಲೂ ಅಂಕಿ ಸ್ಪಷ್ಟವಾಗಿತ್ತು. ಕೋಷ್ಟಕ ತುಂಬಿದ ಮೇಲೆ ಎಲ್ಲರೂ ವೇಗ-ಕಾಲ ನಕ್ಷೆ ಎಳೆದರು. ಇಷ್ಟಕ್ಕೆ ಹದಿನೆಂಟು ನಿಮಿಷ ಹಿಡಿಯಿತು.

ನಕ್ಷೆಯ ಗೆರೆ ಕೆಳಮುಖವಾಗಿ ಬಂದದ್ದೇ ತಡ, ಒಬ್ಬ ಹುಡುಗಿ ಕೇಳಿದಳು: ‘ಮಿಸ್, ಮೇಲಿಂದ ಕೆಳಗೆ ಬೀಳೋ ಕಲ್ಲಿನ ವೇಗ ಹೆಚ್ಚಾಗ್ತದೆ ಅಂತ ಹೇಳಿದ್ರಿ. ಇದು ಕೆಳಗೆ ಬರ್ತಾ ಇದೆ, ವೇಗ ಯಾಕೆ ಕಡಿಮೆ ಆಗ್ತಿದೆ?’ ಇಂಥ ಪ್ರಶ್ನೆ ಬಂದಾಗ ಉತ್ತರವನ್ನು ತಕ್ಷಣ ಹೇಳಿಬಿಡುವ ಚಪಲ ನಮ್ಮೆಲ್ಲರಿಗೂ ಇದೆ. ಈ ಪ್ರಶಿಕ್ಷಣಾರ್ಥಿ ಎರಡನೆಯ ಕಾಲಮನ್ನು, ಅಂದರೆ ಲಂಬ ವೇಗವನ್ನು, ನೋಡಲು ಹೇಳಿದರು. ಸಮತಲ ವೇಗ ಕುಗ್ಗುತ್ತಿರುವಾಗಲೇ ಲಂಬ ವೇಗ ಶೂನ್ಯದ ಹತ್ತಿರದಿಂದ ಹೊರಟು ಬೆಳೆಯುತ್ತಿರುವುದನ್ನು ಮಕ್ಕಳೇ ಕಂಡುಕೊಂಡರು. ವೇಗಕ್ಕೆ ದಿಕ್ಕೂ ಇದೆ ಎಂಬ ಪಠ್ಯಪುಸ್ತಕದ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ಚಂದ್ರನಲ್ಲಿ ಗಾಳಿಯಿಲ್ಲ, ಪ್ಯಾರಾಚೂಟ್ ಕೆಲಸಕ್ಕೆ ಬಾರದು. ವೇಗ ತಗ್ಗಿಸಲು ಇದ್ದದ್ದು ತಲಾ 800 ನ್ಯೂಟನ್ ಬಲದ ನಾಲ್ಕು ಎಂಜಿನ್‌ಗಳು ಎಂಬ ಮಾಹಿತಿಯನ್ನು ಶಿಕ್ಷಕಿ ಆಮೇಲೆ ಸೇರಿಸಿದರು.

ಲೆಕ್ಕ ಹೀಗೆ ಬರುತ್ತದೆ. ಆದಿ ವೇಗ 1,680 ಮೀ/ಸೆ, ಅಂತಿಮ ವೇಗ 358 ಮೀ/ಸೆ, ಕಾಲ 690 ಸೆಕೆಂಡು. ವೇಗದ ಬದಲಾವಣೆ −1,322 ಮೀ/ಸೆ. ಸರಾಸರಿ ವೇಗೋತ್ಕರ್ಷ ಸುಮಾರು −1.9 ಮೀ/ಸೆ². ಋಣ ಚಿಹ್ನೆಯನ್ನು ‘ಕೆಳಗೆ’ ಎಂದು ಓದಿಕೊಳ್ಳುವ ಮಕ್ಕಳು ಬಹಳ. ಚಲನೆಯ ದಿಕ್ಕಿಗೆ ವಿರುದ್ಧ ಎಂಬುದನ್ನು ಇಲ್ಲಿ ನಿಂತು ಬಿಡಿಸಿ ಹೇಳಬೇಕು. ನಕ್ಷೆಯ ಗೆರೆಯನ್ನು ನೇರವೆಂದು ಭಾವಿಸಿ ಅದರ ಕೆಳಗಿನ ಕ್ಷೇತ್ರಫಲ ತೆಗೆದರೆ (1,680+358)÷2×690, ಸುಮಾರು 703 ಕಿ.ಮೀ. ದೂರ ಬರುತ್ತದೆ. ಹಂತ ಆರಂಭವಾದಾಗ ಇಳಿಯುವ ಜಾಗ ಸುಮಾರು 745 ಕಿ.ಮೀ. ಮುಂದಿತ್ತು. ಉಳಿದ ದೂರ ಎಲ್ಲಿ ಹೋಯಿತು, ಗೆರೆ ನಿಜವಾಗಿ ನೇರವಿತ್ತೇ ಎಂಬುದು ಮನೆಗೆಲಸ.

ಧ್ವನಿಯನ್ನು ಪೂರ್ತಿ ಬಿಟ್ಟದ್ದು ಈ ಪಾಠದ ಒಳ್ಳೆಯ ನಿರ್ಧಾರಗಳಲ್ಲೊಂದು. ಸುದ್ದಿ ವಾಹಿನಿಯ ನಿರೂಪಕರ ಉದ್ವೇಗ ತರಗತಿಗೆ ಬಂದಿದ್ದರೆ ಮಕ್ಕಳ ಕಿವಿ ಅತ್ತ ಹೋಗಿ ಕಣ್ಣು ಸೋಮಾರಿಯಾಗುತ್ತಿತ್ತು. ಮತ್ತೊಂದನ್ನು ಪ್ರೊಜೆಕ್ಟರ್ ಇರುವ ಶಾಲೆಯಲ್ಲಿ ಮಾಡಬಹುದು. ಪ್ರಸಾರದಲ್ಲಿ ಲ್ಯಾಂಡರು ಬೆಂಕಿಯುಗುಳುತ್ತ ಇಳಿಯುವ ದೃಶ್ಯ ಬರುತ್ತದೆ. ಅದನ್ನು ನಿಲ್ಲಿಸಿ ‘ಇದನ್ನು ಪಕ್ಕದಲ್ಲಿ ನಿಂತು ಚಿತ್ರೀಕರಿಸಿದವರು ಯಾರು?’ ಎಂದು ಕೇಳಿ. ಅದು ಕಂಪ್ಯೂಟರ್ ರಚಿಸಿದ ಚಿತ್ರ, ನಿಜವಾಗಿ ಬಂದದ್ದು ಅಂಕಿಗಳು ಎಂಬ ಅರಿವು ಆ ಒಂದು ಪ್ರಶ್ನೆಯಿಂದ ಮೂಡುತ್ತದೆ. 2019ರ ಸೆಪ್ಟೆಂಬರ್ 7ರ ಚಂದ್ರಯಾನ-2ರ ಪ್ರಸಾರವೂ ಸಂಗ್ರಹದಲ್ಲಿದ್ದರೆ, ಯೋಜಿತ ಗೆರೆಯಿಂದ ನಿಜವಾದ ಪಥ ಹೇಗೆ ಸರಿಯಿತು ಎಂಬುದನ್ನು ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ವೀಕ್ಷಣಾ ನಮೂನೆಯ ಒಂದು ಕಾಲಮು

ಮೇಲಿನ ಪಾಠವನ್ನು ವೀಕ್ಷಿಸಿದವರ ನಮೂನೆಯಲ್ಲಿ ‘ತಂತ್ರಜ್ಞಾನದ ಬಳಕೆ’ ಎಂಬ ಕಾಲಮಿಗೆ ಐದು ಅಂಕಗಳಿದ್ದವು. ತರಗತಿಯಲ್ಲಿ ಪರದೆ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಏಳು ಹಾಳೆ. ಹೀಗಾಗಿ ಅಲ್ಲಿ ಬಿದ್ದದ್ದು ಒಂದು ಅಂಕ. ಅದೇ ವಾರ ಬೇರೊಂದು ತರಗತಿಯಲ್ಲಿ ಹದಿನೈದು ನಿಮಿಷ ವಿಡಿಯೊ ಓಡಿಸಿ ಒಂದೂ ಪ್ರಶ್ನೆ ಕೇಳದ ಪಾಠಕ್ಕೆ ನಾಲ್ಕು. ಎರಡೂ ಅಂಕಗಳು ನಮೂನೆಯ ಪ್ರಕಾರ ಸರಿಯಾಗಿಯೇ ಇವೆ, ತಪ್ಪಿರುವುದು ನಮೂನೆ. ಯಂತ್ರ ತರಗತಿಯಲ್ಲಿ ಕಂಡಿತೇ ಎಂದು ಕೇಳುವ ಬದಲು, ‘ತಂತ್ರಜ್ಞಾನದಿಂದ ಪಡೆದ ಸಾಮಗ್ರಿಯಲ್ಲಿ ಮಕ್ಕಳು ತಾವೇ ಗಮನಿಸಿ ದಾಖಲಿಸಿದ್ದು ಏನು?’ ಎಂದು ಕೇಳುವಂತೆ ಆ ಕಾಲಮನ್ನು ತಿದ್ದಬೇಕೆಂಬುದು ನನ್ನ ಒತ್ತಾಯ. ಅಂಕದ ಆಸೆಗೆ ಪ್ರೊಜೆಕ್ಟರ್ ಹೊತ್ತು ಹೋಗುವ ಪ್ರಶಿಕ್ಷಣಾರ್ಥಿಯನ್ನು ದೂರಿ ಫಲವಿಲ್ಲ, ದಾರಿ ತೋರಿಸಿದ್ದು ನಮ್ಮ ಕಾಗದವೇ.

ಕಾನೂನು ಮತ್ತು ಸಂಗ್ರಹ

1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಪ್ರಸಾರವೊಂದನ್ನು ಪ್ರಾಮಾಣಿಕ ಬೋಧನೆ ಅಥವಾ ಸಂಶೋಧನೆಗಾಗಿ ಮಾತ್ರ ದಾಖಲಿಸಿಕೊಂಡರೆ ಅದನ್ನು ಪ್ರಸಾರಕರ ಹಕ್ಕಿನ ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ. 52ನೇ ಕಲಮಿನಲ್ಲಿಯೂ ಬೋಧನೆಯ ಸಂದರ್ಭಕ್ಕೆ ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ವಿನಾಯಿತಿಯಿದೆ. ‘ಮಾತ್ರ’ ಎಂಬ ಪದದ ಮೇಲೆ ಗಮನವಿರಲಿ. ಅದೇ ತುಣುಕನ್ನು ಕಾಲೇಜಿನ ಯೂಟ್ಯೂಬ್ ಪುಟಕ್ಕೆ ಏರಿಸಿದರೆ, ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹರಿಬಿಟ್ಟರೆ ಬೋಧನೆಯ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು.

ಪೂರ್ಣ ರೆಕಾರ್ಡಿಂಗ್ ಕಾಲೇಜಿನ ಹಾರ್ಡ್ ಡಿಸ್ಕ್‌ನಲ್ಲಿರಲಿ, ಶಾಲೆಗೆ ಹೋಗುವುದು ಕತ್ತರಿಸಿದ ತುಣುಕು. ಎಫ್‌ಎಟಿ32 ರೂಪದ ಪೆನ್‌ಡ್ರೈವ್ 4 ಗಿಗಾಬೈಟ್‌ಗಿಂತ ದೊಡ್ಡ ಕಡತವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಹೇಳಿದ ಬಿಟ್ ದರದಲ್ಲಿ ಅದು ಸುಮಾರು 70 ನಿಮಿಷ. ಶಾಲೆಯ ಹಳೆಯ ಟಿ.ವಿ.ಗೆ ಬೇರೆ ರೂಪ ಓದಲು ಬಾರದಿದ್ದರೆ ಈ ಮಿತಿ ನೆನಪಿರಬೇಕು. ಕಡತದ ಹೆಸರಿನಲ್ಲಿ ದಿನಾಂಕ, ವಾಹಿನಿ, ತರಗತಿ, ಘಟಕ ನಾಲ್ಕೂ ಇರಲಿ. ಅದರ ಜೊತೆಗೆ ಸಂಪನ್ಮೂಲ ಕೊಠಡಿಯ ಪುಸ್ತಕದಲ್ಲಿ ಒಂದು ಸಾಲು: ಎಷ್ಟನೇ ನಿಮಿಷದಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಮಕ್ಕಳಿಗೆ ಏನು ಕೇಳಬೇಕು. ಆ ಸಾಲು ಬರೆಯಲಾಗದ ರೆಕಾರ್ಡಿಂಗ್‌ಗಳನ್ನು ವರ್ಷದ ಕೊನೆಯಲ್ಲಿ ಅಳಿಸಿಹಾಕಿ ಮುಂದಿನ ತಂಡಕ್ಕೆ ಜಾಗ ಮಾಡಿಕೊಡಬಹುದು.